ಮೇಷ್ಟ್ರ ದೇಶಾಭಿಮಾನ ಎಲ್ಲಿಗೆ ನಿಲ್ಲಬೇಕು?

  ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡೋಳು. ಹಾಗಾಗಿ ಇವತ್ತಿನ ವಿಷಯ ನನ್ನ ವೃತ್ತಿಗೆ ನೇರವಾಗಿ ಸಂಬಂಧಪಟ್ಟದ್ದು.

ಪ್ರಶ್ನೆ ಇಷ್ಟೇ. ತನ್ನ ದೇಶದ ಬಗ್ಗೆ ಹೆಮ್ಮೆ ಇರೋ ಒಬ್ಬ ಶಿಕ್ಷಕನಿಗೆ, ದೇಶದ ಗಡಿ ದಾಟಿದ ಒಂದು ದೊಡ್ಡ ಬಳಗದ ಮೇಲೂ ಪ್ರೀತಿ ಇರೋಕೆ ಸಾಧ್ಯವಾ? ಅದು ಯುರೋಪ್ ಆಗಿರಬಹುದು, ಏಷ್ಯಾ ಆಗಿರಬಹುದು, ಇಡೀ ಮನುಕುಲ ಆಗಿರಬಹುದು. ತಕ್ಕಡಿ ಥರ ಒಂದು ಕಡೆ ಭಾರ ಜಾಸ್ತಿ ಆದ್ರೆ ಇನ್ನೊಂದು ಕಡೆ ಮೇಲೆ ಹೋಗುತ್ತಾ?

ಇದನ್ನ ಸುಮ್ಮನೆ ಗಾಳಿಯಲ್ಲಿ ಚರ್ಚೆ ಮಾಡೋದು ಬೇಡ. ಒಂದು ಜಾಗ ಹಿಡ್ಕೊಳ್ಳೋಣ. ಫ್ರಾನ್ಸ್ ಮತ್ತು ಜರ್ಮನಿ ನಡುವೆ, ರೈನ್ ನದಿಯ ಪಕ್ಕದಲ್ಲಿ ಆಲ್ಸಾಸ್ ಅಂತ ಒಂದು ಪ್ರದೇಶ ಇದೆ. ಸಿಬಿಎಸ್‌ಇಯಲ್ಲಿ ಓದಿದವರಿಗೆ ಈ ಹೆಸರು ಗೊತ್ತಿರುತ್ತೆ. 12ನೇ ತರಗತಿಯ ಇಂಗ್ಲಿಷ್ ಪುಸ್ತಕ ‘ಫ್ಲೆಮಿಂಗೊ’ದಲ್ಲಿ ‘ದಿ ಲಾಸ್ಟ್ ಲೆಸನ್’ ಅಂತ ಒಂದು ಕಥೆ ಬರುತ್ತಲ್ಲ, ಅದು ನಡೆಯೋದು ಇಲ್ಲೇ. ಬರೆದವರು ಅಲ್ಫೋನ್ಸ್ ದೋದೆ. 1870-71ರ ಯುದ್ಧದಲ್ಲಿ ಫ್ರಾನ್ಸ್ ಸೋತು, ಆಲ್ಸಾಸ್ ಮತ್ತು ಲೊರೇನ್‌ನ ಒಂದು ಭಾಗ ಜರ್ಮನಿಗೆ ಹೋಯ್ತು. ಇನ್ಮೇಲೆ ಶಾಲೆಯಲ್ಲಿ ಜರ್ಮನ್ ಮಾತ್ರ ಅಂತ ಬರ್ಲಿನ್‌ನಿಂದ ಆದೇಶ ಬರುತ್ತೆ. ಹ್ಯಾಮೆಲ್ ಅನ್ನೋ ಮೇಷ್ಟ್ರು ಕೊನೇ ಫ್ರೆಂಚ್ ಪಾಠ ಮಾಡ್ತಾರೆ. ಕಡೆಗೆ ಗಂಟಲು ಕಟ್ಟಿ ಮಾತು ಬರಲ್ಲ. ಬೋರ್ಡ್ ಮೇಲೆ ದೊಡ್ಡದಾಗಿ ಫ್ರಾನ್ಸಿಗೆ ಜೈಕಾರ ಬರೆದು ಮಕ್ಕಳನ್ನ ಕಳಿಸ್ತಾರೆ.

ನಾವೆಲ್ಲ ಕಣ್ಣೀರು ಹಾಕಿ ಓದಿದ ಕಥೆ. ಆದ್ರೆ ಆ ಕಥೆ ಓದುವಾಗ ನಮಗೆ ಗೊತ್ತಾಗದ ಒಂದು ವಿಷಯ ಇದೆ. ಆಗಿನ ಆಲ್ಸಾಸ್‌ನಲ್ಲಿ ಹೆಚ್ಚಿನ ಮನೆಗಳಲ್ಲಿ ಆಡ್ತಿದ್ದದ್ದು ಫ್ರೆಂಚ್ ಅಲ್ಲ, ಜರ್ಮನ್ ಕುಟುಂಬಕ್ಕೆ ಸೇರಿದ ಆಲ್ಸೇಷಿಯನ್ ಮಾತು. ಅಂದ್ರೆ ಹ್ಯಾಮೆಲ್ ಮೇಷ್ಟ್ರು ಕಣ್ಣೀರಿಟ್ಟ ಭಾಷೆ ಆ ಮಕ್ಕಳಲ್ಲಿ ಬಹಳಷ್ಟು ಜನರಿಗೆ ಶಾಲೆಯ ಭಾಷೆ, ಮನೆ ಭಾಷೆ ಅಲ್ಲ. ಮನೆಮಾತು ಒಂದು, ದೇಶ ಇನ್ನೊಂದು. ಎರಡನ್ನೂ ಹೊಲಿದು ಒಂದು ಮಾಡೋ ಕೆಲಸ ಮೇಷ್ಟ್ರದ್ದು. ಎಲ್ಲ ಸರ್ಕಾರಗಳಿಗೂ ಶಿಕ್ಷಕರ ಮೇಲೆ ಕಣ್ಣಿರೋದು ಇದೇ ಕಾರಣಕ್ಕೆ. ಸೈನಿಕ ಗಡಿ ಕಾಯ್ತಾನೆ, ಆ ಗಡಿ ಎಲ್ಲಿದೆ ಅಂತ ಮಗುವಿನ ತಲೆಯೊಳಗೆ ಗೆರೆ ಎಳೆಯೋರು ಮೇಷ್ಟ್ರು.

ಆ ಗೆರೆ ಹೇಗೆ ಎಳೀತಿದ್ರು ಅಂತ ನೋಡ್ಬೇಕಾದ್ರೆ ಒಂದು ಚಿತ್ರ ಇದೆ. ಆಲ್ಬರ್ಟ್ ಬೆತಾನಿಯೆ ಅನ್ನೋ ಕಲಾವಿದ 1887ರಲ್ಲಿ ಬಿಡಿಸಿದ್ದು, ಹೆಸರು ‘ಕಪ್ಪು ಕಲೆ’. ತರಗತಿಯಲ್ಲಿ ಗೋಡೆ ಮೇಲೆ ಫ್ರಾನ್ಸ್ ನಕ್ಷೆ. ಅದರಲ್ಲಿ ಕಳಕೊಂಡ ಪ್ರದೇಶಕ್ಕೆ ಕಪ್ಪು ಬಣ್ಣ. ಮೇಷ್ಟ್ರು ಕೋಲಿನಿಂದ ಅದನ್ನ ತೋರಿಸ್ತಿದ್ದಾರೆ, ಹುಡುಗ ನೋಡ್ತಿದ್ದಾನೆ. ಅದೇ ಕಾಲದಲ್ಲಿ ಫ್ರಾನ್ಸಿನ ಮಕ್ಕಳು ಓದ್ತಿದ್ದ ಇನ್ನೊಂದು ಪುಸ್ತಕ, ಲೊರೇನ್‌ನ ಇಬ್ಬರು ಹುಡುಗರು ಇಡೀ ಫ್ರಾನ್ಸ್ ಸುತ್ತೋ ಕಥೆ. 1877ರಲ್ಲಿ ಬಂದದ್ದು, ಲಕ್ಷಗಟ್ಟಲೆ ಪ್ರತಿ ಖರ್ಚಾಯ್ತು. 1881-82ರಲ್ಲಿ ಪ್ರಾಥಮಿಕ ಶಿಕ್ಷಣ ಉಚಿತ ಮತ್ತು ಕಡ್ಡಾಯ ಆದ ಮೇಲೆ ಹಳ್ಳಿ ಹಳ್ಳಿಗೂ ಮೇಷ್ಟ್ರು ಬಂದ್ರು. ಅವರ ಜೊತೆ ಆ ನಕ್ಷೆಯೂ ಬಂತು.

ಗಡಿಯ ಆಚೆ, ಜರ್ಮನಿಯ ಮೇಷ್ಟ್ರೂ ಸುಮ್ಮನೆ ಕೂತಿರಲಿಲ್ಲ. ಅಲ್ಲೂ ಸೆಡಾನ್ ಅನ್ನೋ ಊರಲ್ಲಿ ಫ್ರೆಂಚರನ್ನ ಸೋಲಿಸಿದ ದಿನವನ್ನ ಶಾಲೆಗಳಲ್ಲಿ ಹಬ್ಬದ ಹಾಗೆ ಆಚರಿಸ್ತಿದ್ರು. ಎರಡೂ ಕಡೆ ಬೆಂಚಿನ ಮೇಲೆ ಕೂತು ಈ ಪಾಠ ಕೇಳಿದ ಹುಡುಗರು 1914ರಲ್ಲಿ ಒಬ್ಬರಿಗೊಬ್ಬರು ಎದುರಾಗಿ ಕಂದಕಗಳಲ್ಲಿ ಕೂತ್ರು.

ಇಲ್ಲಿಂದ ಕಥೆ ಬೇರೆ ಕಡೆ ತಿರುಗುತ್ತೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರು ಸತ್ತರು. ಬದುಕಿ ಬಂದವರು ಮತ್ತೆ ತರಗತಿಗೆ ಹೋದಾಗ ಎದುರಿಗೆ ಕೂತಿದ್ದದ್ದು ಅಪ್ಪನನ್ನ ಕಳಕೊಂಡ ಮಕ್ಕಳು. ಕೈಗೆ ಕೊಟ್ಟ ಪುಸ್ತಕದಲ್ಲಿ ಮತ್ತದೇ ದ್ವೇಷ. 1920ರ ದಶಕದಲ್ಲಿ ಶಿಕ್ಷಕರ ರಾಷ್ಟ್ರೀಯ ಸಂಘ ಇಂಥ ಪುಸ್ತಕಗಳ ವಿರುದ್ಧವೇ ಅಭಿಯಾನ ಮಾಡ್ತು. ಬೇರೆ ದೇಶದ ಮೇಲೆ ಹಗೆ ಬಿತ್ತೋ ಪಠ್ಯ ನಮಗೆ ಬೇಡ ಅಂದ್ರು. ಜರ್ಮನಿಯ ಶಿಕ್ಷಕರ ಜೊತೆ ಮಾತುಕತೆಗೂ ಮುಂದಾದ್ರು.

ಆಮೇಲೆ ಏನಾಗಿರುತ್ತೆ, ನೀವೇ ಊಹಿಸಿ. ಇವರು ದೇಶಪ್ರೇಮ ಇಲ್ಲದವರು ಅನ್ನೋ ಆರೋಪ ಬಂತು. 1940ರಲ್ಲಿ ಹಿಟ್ಲರನ ಸೈನ್ಯದ ಎದುರು ಫ್ರಾನ್ಸ್ ಕೆಲವೇ ವಾರಗಳಲ್ಲಿ ಕುಸಿದು ಬಿದ್ದಾಗ ಆ ಆರೋಪ ಸರ್ಕಾರದ ನೀತಿಯೇ ಆಯ್ತು. ಜರ್ಮನ್ನರ ಜೊತೆ ಕೈಜೋಡಿಸಿದ ವಿಶಿ ಸರ್ಕಾರದ ಮುಖ್ಯಸ್ಥ ಮಾರ್ಷಲ್ ಪೆತಾಂ ಸೋಲಿಗೆ ಮೇಷ್ಟ್ರುಗಳನ್ನ ದೂರಿದ. ಶಿಕ್ಷಕರ ಸಂಘಗಳನ್ನ ಮುಚ್ಚಿಸಿದ, ಶಿಕ್ಷಕರ ತರಬೇತಿ ಶಾಲೆಗಳನ್ನೇ ರದ್ದು ಮಾಡಿದ.

ಆರೋಪ ನಿಜವಾ? ಇತಿಹಾಸಕಾರ್ತಿ ಮೋನಾ ಸೀಗಲ್ 2004ರಲ್ಲಿ ಈ ಶಿಕ್ಷಕರ ಬಗ್ಗೆಯೇ ಒಂದು ಪುಸ್ತಕ ಬರೆದ್ರು. ಅವರಿಗೆ ಕಂಡಿದ್ದು ಬೇರೆ. ಈ ಮೇಷ್ಟ್ರುಗಳು ಶಾಂತಿ ಪಾಠ ಮಾಡ್ತಿದ್ದದ್ದು ಫ್ರಾನ್ಸಿನ ಹೆಸರಲ್ಲೇ. ನಮ್ಮದು ಮಾನವ ಹಕ್ಕುಗಳನ್ನ ಘೋಷಿಸಿದ ದೇಶ, ಶಾಂತಿ ಕೂಡ ನಮ್ಮದೇ ಪರಂಪರೆ ಅನ್ನೋದು ಅವರ ವಾದ. 1939ರಲ್ಲಿ ಯುದ್ಧಕ್ಕೆ ಕರೆ ಬಂದಾಗ ಅವರೂ ಹೋದ್ರು. ಅಂದ್ರೆ ಯುದ್ಧ ಬೇಡ ಅಂತ ಪಾಠ ಮಾಡಿದ್ದು ಅವರೊಳಗಿನ ದೇಶಪ್ರೇಮವನ್ನ ಕರಗಿಸಿಬಿಟ್ಟಿರಲಿಲ್ಲ.

ಇನ್ನೊಬ್ಬ ಮೇಷ್ಟ್ರ ಬಗ್ಗೆ ಹೇಳಲೇಬೇಕು. ಮಾರ್ಕ್ ಬ್ಲಾಕ್. ಆಲ್ಸಾಸ್‌ನ ಯಹೂದಿ ಮನೆತನದವರು. 1919ರಿಂದ 1936ರವರೆಗೆ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಪಾಠ ಮಾಡಿದ್ರು. ಮೊದಲ ಯುದ್ಧದಲ್ಲಿ ಹೋರಾಡಿದ ಸೈನಿಕ. ಅದಾಗಿ ಹತ್ತು ವರ್ಷಕ್ಕೆ, 1928ರಲ್ಲಿ, ಓಸ್ಲೋದಲ್ಲಿ ನಡೆದ ಇತಿಹಾಸಕಾರರ ಸಮ್ಮೇಳನದಲ್ಲಿ ಅವರು ಮಂಡಿಸಿದ ವಾದ ಇದು: ಒಂದೊಂದು ದೇಶದ ಇತಿಹಾಸವನ್ನ ಒಂದೊಂದು ಡಬ್ಬಿಯಲ್ಲಿ ಹಾಕಿ ಮುಚ್ಚಿಡೋದು ಬಿಡಿ, ಯುರೋಪಿನ ಸಮಾಜಗಳನ್ನ ಪಕ್ಕಪಕ್ಕ ಇಟ್ಟು ಹೋಲಿಸಿ ನೋಡಿ. ಗಡಿ ದಾಟಿ ಯೋಚನೆ ಮಾಡೋ ಮನುಷ್ಯ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಅದೇ ಮನುಷ್ಯ 1939ರಲ್ಲಿ, 53ನೇ ವಯಸ್ಸಲ್ಲಿ, ಆರು ಮಕ್ಕಳ ತಂದೆಯಾಗಿದ್ದೂ ಮತ್ತೆ ಸೈನ್ಯಕ್ಕೆ ಹೋದ್ರು. ಸೋಲಿನ ನಂತರ ಕೂತು ಒಂದು ಪುಸ್ತಕ ಬರೆದ್ರು. ಅದರಲ್ಲಿ ಜನರಲ್‌ಗಳನ್ನ ಬಿಡಲಿಲ್ಲ, ರಾಜಕಾರಣಿಗಳನ್ನ ಬಿಡಲಿಲ್ಲ, ತಾವು ಸೇರಿದ್ದ ಶಿಕ್ಷಕ ವರ್ಗವನ್ನೂ ಬಿಡಲಿಲ್ಲ. ಆಮೇಲೆ ನಾಜಿಗಳ ವಿರುದ್ಧ ಗುಪ್ತ ಹೋರಾಟಕ್ಕೆ ಸೇರಿದ್ರು. ಸಿಕ್ಕಿಬಿದ್ದು, ಚಿತ್ರಹಿಂಸೆ ಅನುಭವಿಸಿ, 1944ರ ಜೂನ್ 16ರಂದು ಗೆಸ್ಟಾಪೋ ಗುಂಡಿಗೆ ಬಲಿಯಾದ್ರು. ಸೋಲಿನ ಬಗ್ಗೆ ಬರೆದ ಆ ಪುಸ್ತಕ ಅಚ್ಚಾದದ್ದು ಅವರು ಸತ್ತ ಮೇಲೆ, 1946ರಲ್ಲಿ. ದೇಶವನ್ನ ಅಷ್ಟು ಕಟುವಾಗಿ ಬೈದವರೂ ಅವರೇ, ದೇಶಕ್ಕಾಗಿ ಸತ್ತವರೂ ಅವರೇ.

ಈಗ ಆಲ್ಸಾಸ್‌ಗೆ ವಾಪಸ್ ಬರೋಣ. ಅಲ್ಲಿ 1865ರಲ್ಲಿ ಹುಟ್ಟಿ 80 ವರ್ಷ ಬದುಕಿದ ಒಬ್ಬರನ್ನ ಕಲ್ಪಿಸಿಕೊಳ್ಳಿ. ಮನೆ ಬದಲಾಯಿಸದೇನೇ ಅವರ ದೇಶ ನಾಲ್ಕು ಸಲ ಬದಲಾಗಿರುತ್ತೆ. ಫ್ರಾನ್ಸ್, 1871ರಲ್ಲಿ ಜರ್ಮನಿ, 1918ರಲ್ಲಿ ಮತ್ತೆ ಫ್ರಾನ್ಸ್, 1940ರಲ್ಲಿ ನಾಜಿ ಜರ್ಮನಿ, 1944-45ರಲ್ಲಿ ಮತ್ತೆ ಫ್ರಾನ್ಸ್. ಪ್ರತಿ ಸಲವೂ ಮೊದಲು ಬದಲಾಗ್ತಿದ್ದದ್ದು ಶಾಲೆ. ನಾಜಿಗಳು ಫ್ರೆಂಚ್ ಭಾಷೆಯನ್ನ ನಿಷೇಧಿಸಿದ್ರು. ಆಲ್ಸಾಸ್‌ನ ಶಿಕ್ಷಕರನ್ನ ಪಕ್ಕದ ಬಾಡನ್ ಪ್ರಾಂತ್ಯಕ್ಕೆ ಕಳಿಸಿ ‘ಹೊಸ ತರಬೇತಿ’ ಕೊಟ್ರು. 1945ರ ನಂತರ ಫ್ರಾನ್ಸ್ ಸರ್ಕಾರ ತಿರುಗಿಸಿ ಪ್ರಾಥಮಿಕ ಶಾಲೆಗಳಿಂದ ಜರ್ಮನ್ ತೆಗೆದುಹಾಕ್ತು. ಮನೆಮಾತಾಗಿದ್ದ ಆಲ್ಸೇಷಿಯನ್ ಶಾಲೆ ಬಾಗಿಲಲ್ಲೇ ನಿಂತುಬಿಡ್ತು.

ಅದೇ ಸ್ಟ್ರಾಸ್‌ಬರ್ಗ್‌ನಲ್ಲಿ ಇವತ್ತು ಯುರೋಪಿಯನ್ ಪಾರ್ಲಿಮೆಂಟ್ ಇದೆ. 1949ರಲ್ಲಿ ಶುರುವಾದ ಯುರೋಪ್ ಮಂಡಳಿಯ ಕಚೇರಿಯೂ ಅಲ್ಲೇ. ಹೆಚ್ಚು ಪೆಟ್ಟು ತಿಂದ ಊರನ್ನೇ ಸೇರೋ ಜಾಗ ಮಾಡಿಕೊಂಡ್ರು.

ಇದರ ಹಿಂದೆ ರಾಜಕಾರಣಿಗಳ ಸಹಿಗಳಷ್ಟೇ ಇರಲಿಲ್ಲ, ಮೇಷ್ಟ್ರುಗಳ ಕೆಲಸವೂ ಇತ್ತು. ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಗಿಯೊರ್ಗ್ ಎಕರ್ಟ್ ಅನ್ನೋ ಇತಿಹಾಸದ ಮೇಷ್ಟ್ರು, ಶಿಕ್ಷಕರಿಗೇ ಪಾಠ ಮಾಡ್ತಿದ್ದವರು, 1951ರಲ್ಲಿ ಪಠ್ಯಪುಸ್ತಕಗಳಿಗಾಗಿಯೇ ಒಂದು ಅಂತಾರಾಷ್ಟ್ರೀಯ ಸಂಸ್ಥೆ ಶುರು ಮಾಡಿದ್ರು. ಅದೇ ವರ್ಷ ಫ್ರಾನ್ಸ್ ಮತ್ತು ಜರ್ಮನಿಯ ಇತಿಹಾಸಕಾರರು ಕೂತು, ಜಗಳದ ವಿಷಯಗಳನ್ನ ಒಂದೊಂದಾಗಿ ತೆಗೆದು ಒಪ್ಪಂದಕ್ಕೆ ಬಂದ್ರು. 1914ರಲ್ಲಿ ಯುರೋಪಿಗೆ ಬೆಂಕಿ ಹಚ್ಚಬೇಕು ಅಂತ ಯಾವುದೇ ಒಂದು ಸರ್ಕಾರವೋ ಜನಾಂಗವೋ ಬೇಕೆಂದೇ ಹೊರಟಿತ್ತು ಅನ್ನೋಕೆ ದಾಖಲೆಗಳಲ್ಲಿ ಆಧಾರ ಇಲ್ಲ ಅಂತ ಬರೆದ್ರು. ಯೋಚನೆ ಮಾಡಿ, ಎರಡನೇ ಯುದ್ಧ ಮುಗಿದು ಆರೇ ವರ್ಷ ಆಗಿತ್ತು. ಮನೆಮನೆಯಲ್ಲೂ ಗಾಯ ಹಸಿ ಇತ್ತು.

1953ರಲ್ಲಿ ಲಕ್ಸೆಂಬರ್ಗ್‌ನಲ್ಲಿ ಮೊದಲ ‘ಯುರೋಪಿಯನ್ ಶಾಲೆ’ ಶುರುವಾಯ್ತು. ಆರು ದೇಶಗಳ ಕಲ್ಲಿದ್ದಲು-ಉಕ್ಕು ಒಕ್ಕೂಟದಲ್ಲಿ ಕೆಲಸ ಮಾಡ್ತಿದ್ದವರ ಮಕ್ಕಳಿಗಾಗಿ. ಅದರ ವ್ಯವಸ್ಥೆ ಗಮನಿಸಿ. ಮಗು ತನ್ನ ತಾಯ್ನುಡಿಯಲ್ಲೇ ಕಲೀತಾ ಬೆಳೆಯುತ್ತೆ, ಅದನ್ನ ಬಿಡಿಸೋದಿಲ್ಲ. ಆದ್ರೆ ಒಂದು ಹಂತ ದಾಟಿದ ಮೇಲೆ ಇತಿಹಾಸ ಮತ್ತು ಭೂಗೋಳವನ್ನ ಎರಡನೇ ಭಾಷೆಯಲ್ಲಿ, ಬೇರೆ ಬೇರೆ ದೇಶದ ಮಕ್ಕಳ ಜೊತೆ ಕೂತು ಕಲೀಬೇಕು. ಜಗಳಕ್ಕೆ ಕಾರಣ ಆಗೋ ವಿಷಯ ಯಾವುದೋ ಅದನ್ನೇ ಎಲ್ಲರೂ ಸೇರಿ ಓದೋದು!

2003ರಲ್ಲಿ ಎರಡೂ ದೇಶಗಳ ವಿದ್ಯಾರ್ಥಿಗಳು ಒಂದು ಸಭೆ ಸೇರಿ, ನಮಗೆ ಒಂದೇ ಇತಿಹಾಸ ಪುಸ್ತಕ ಬೇಕು ಅಂತ ಕೇಳಿದ್ರು. 2006ರಲ್ಲಿ ಮೊದಲ ಭಾಗ ಬಂತು, 2011ರಲ್ಲಿ ಮೂರನೆಯದು. ಬರೆಯುವಾಗ ಜಗಳ ಬಂದದ್ದು ನಾವಂದುಕೊಂಡ ಕಡೆ ಅಲ್ಲ. ಹಿಟ್ಲರನ ಬಗ್ಗೆ ಸುಲಭವಾಗಿ ಒಪ್ಪಿದವರು, ಯುದ್ಧಾನಂತರದ ಅಮೆರಿಕದ ಪಾತ್ರವನ್ನ ಹೇಗೆ ಬರೀಬೇಕು ಅನ್ನೋ ಕಡೆ ವಾದಕ್ಕೆ ನಿಂತ್ರು. ಪುಸ್ತಕ ಎಲ್ಲ ಶಾಲೆಗಳನ್ನೂ ತಲುಪಲಿಲ್ಲ ಅನ್ನೋದೂ ನಿಜ. ಜರ್ಮನಿಯ 16 ರಾಜ್ಯಗಳಿಗೆ 16 ಪಠ್ಯಕ್ರಮ, ಫ್ರಾನ್ಸಿಗೆ ಇನ್ನೊಂದು. ಹೆಚ್ಚಾಗಿ ಬಳಕೆಯಾದದ್ದು ದ್ವಿಭಾಷಾ ತರಗತಿಗಳಲ್ಲಿ. ಪ್ರೀತಿ ಇದ್ರೂ ಸಿಲೆಬಸ್ ಹೊಂದಬೇಕಲ್ಲ!

ಸರಿ, ಇಷ್ಟೆಲ್ಲ ಆದ ಮೇಲೆ ತಕ್ಕಡಿ ಪ್ರಶ್ನೆಗೆ ಉತ್ತರ ಏನು? ಯುರೋಪಿಯನ್ ಒಕ್ಕೂಟ ‘ಯುರೋಬ್ಯಾರೋಮೀಟರ್’ ಅನ್ನೋ ಸಮೀಕ್ಷೆಯಲ್ಲಿ ಜನಸಾಮಾನ್ಯರನ್ನ ಕೇಳ್ತಾ ಬಂದಿದೆ. ನೀವು ನಿಮ್ಮನ್ನ ಬರೀ ನಿಮ್ಮ ದೇಶದವರು ಅಂತ ನೋಡ್ತೀರಾ, ನಿಮ್ಮ ದೇಶದವರು ಮತ್ತು ಯುರೋಪಿನವರು ಎರಡೂ ಅಂತ ನೋಡ್ತೀರಾ, ಅಥವಾ ಬರೀ ಯುರೋಪಿನವರು ಅಂತಲಾ? ‘ಬರೀ ಯುರೋಪ್’ ಅನ್ನೋರು ತೀರಾ ಕಡಿಮೆ. ಇತ್ತೀಚಿನ ವರ್ಷಗಳಲ್ಲಿ ದೊಡ್ಡ ಗುಂಪು ‘ಎರಡೂ’ ಅನ್ನೋರದ್ದು. ಆದ್ರೆ ‘ಬರೀ ನನ್ನ ದೇಶ’ ಅನ್ನೋ ಗುಂಪೂ ಚಿಕ್ಕದಲ್ಲ. ಅಂದ್ರೆ ದೇಶದ ಪ್ರೀತಿ ಬಿಟ್ಟು ಯುರೋಪಿಗೆ ಹೋದವರು ಅಪರೂಪ. ದೇಶದ ಪ್ರೀತಿಯನ್ನ ಹಿಡ್ಕೊಂಡೇ ಮುಂದೆ ಹೋದವರು ಹೆಚ್ಚು.

ಹಾಗಾದ್ರೆ ಎಂಥ ದೇಶಾಭಿಮಾನ ಮುಂದೆ ಹೋಗೋಕೆ ಬಿಡುತ್ತೆ, ಎಂಥದ್ದು ಬಿಡಲ್ಲ? 1999ರಲ್ಲಿ ಶಾಟ್ಜ್, ಸ್ಟೌಬ್, ಲವೀನ್ ಅನ್ನೋ ಮೂವರು ಮನಶ್ಶಾಸ್ತ್ರಜ್ಞರು ದೇಶಪ್ರೇಮವನ್ನ ಎರಡಾಗಿ ವಿಂಗಡಿಸಿದ್ರು. ಒಂದು ಕುರುಡು ದೇಶಪ್ರೇಮ: ನನ್ನ ದೇಶ ಮಾಡಿದ್ದೆಲ್ಲ ಸರಿ, ಪ್ರಶ್ನೆ ಕೇಳೋನು ದ್ರೋಹಿ. ಇನ್ನೊಂದು ರಚನಾತ್ಮಕ ದೇಶಪ್ರೇಮ: ನನ್ನ ದೇಶ ಅಂತಲೇ ತಪ್ಪು ಕಂಡಾಗ ಹೇಳ್ತೀನಿ. ಅವರ ಅಧ್ಯಯನದಲ್ಲಿ ಕುರುಡು ಪ್ರೇಮ ಜಾಸ್ತಿ ಇದ್ದವರಲ್ಲಿ ಹೊರಗಿನವರ ಭಯ ಜಾಸ್ತಿ, ದೇಶದ ವಿದ್ಯಮಾನಗಳಲ್ಲಿ ತೊಡಗಿಕೊಳ್ಳೋದು ಕಡಿಮೆ. ರಚನಾತ್ಮಕ ಪ್ರೇಮ ಇದ್ದವರು ಸುದ್ದಿ ಓದ್ತಾರೆ, ತಿಳ್ಕೊಳ್ತಾರೆ, ಭಾಗವಹಿಸ್ತಾರೆ. ಅದಕ್ಕೇ ನನಗನ್ನಿಸೋದು, ದೇಶಾಭಿಮಾನ ಎಷ್ಟಿದೆ ಅಂತ ಅಳೆದು ಪ್ರಯೋಜನ ಇಲ್ಲ. ಆ ಅಭಿಮಾನ ಪ್ರಶ್ನೆಯನ್ನ ತಡ್ಕೊಳ್ಳುತ್ತಾ ಅಂತ ನೋಡ್ಬೇಕು. ಮಾರ್ಕ್ ಬ್ಲಾಕ್ ಅಭಿಮಾನ ತಡ್ಕೊಂಡಿತ್ತು.

ಆದ್ರೆ ದೊಡ್ಡ ಬಳಗದ ಪ್ರೀತಿಯಲ್ಲೂ ಒಂದು ಮೋಸ ಇದೆ. ಜರ್ಮನಿಯ ಮನಶ್ಶಾಸ್ತ್ರಜ್ಞೆ ಅಮೆಲೀ ಮುಮ್ಮೆಂಡೇ ಮತ್ತು ಅವರ ಜೊತೆಗಾರರು ತೋರಿಸಿದ್ದು ಇದು: ಜನ ದೊಡ್ಡ ಗುಂಪಿಗೆ ಸೇರಿದಾಗ, ತಮ್ಮ ಸಣ್ಣ ಗುಂಪನ್ನೇ ಇಡೀ ಗುಂಪಿನ ಮಾದರಿ ಅಂದ್ಕೊಳ್ತಾರೆ. ‘ನಿಜವಾದ ಯುರೋಪಿಯನ್’ ಹೇಗಿರ್ತಾನೆ ಅಂತ ಜರ್ಮನ್ನರನ್ನ ಕೇಳಿದ್ರೆ ಬಿಡಿಸೋ ಚಿತ್ರ ಜರ್ಮನ್ನನ ಥರವೇ ಇರುತ್ತೆ. ತಮಾಷೆ ಅಂದ್ರೆ, ಅವರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಿಕ್ಷಕರೂ ಇದ್ರು. ಶಿಕ್ಷಕ ಅಂದ್ರೆ ಹೇಗಿರ್ಬೇಕು ಅನ್ನೋದಕ್ಕೆ ಯಾರು ಹತ್ತಿರ ಅಂತ ಪ್ರೈಮರಿ ಮೇಷ್ಟ್ರನ್ನೂ ಹೈಸ್ಕೂಲ್ ಮೇಷ್ಟ್ರನ್ನೂ ಕೇಳಿದ್ರೆ, ಎರಡೂ ಕಡೆಯ ಉತ್ತರ ಹೊಂದಲಿಲ್ಲ. ನಮ್ಮ ಸ್ಟಾಫ್ ರೂಮ್ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ ಬಿಡಿ.

ಇದು ನಮಗೂ ಗೊತ್ತಿರೋ ನೋವೇ. ‘ಭಾರತೀಯ’ ಅಂದ ತಕ್ಷಣ ಒಂದೇ ಭಾಷೆ, ಒಂದೇ ಊಟ ಕಣ್ಮುಂದೆ ಬಂದ್ರೆ ಕನ್ನಡದೋರಿಗೆ ಸಿಟ್ಟು ಬರುತ್ತೆ, ಬರಬೇಕು ಕೂಡ. ಹಾಗೇ ‘ಕನ್ನಡಿಗ’ ಅಂದ ತಕ್ಷಣ ಮೈಸೂರು-ಬೆಂಗಳೂರು ಕಡೆಯ ಮಾತು ಮಾತ್ರ ಕಿವಿಗೆ ಬಂದ್ರೆ ಕಲಬುರಗಿಯವರಿಗೆ, ಕೊಡಗಿನವರಿಗೆ, ಮನೇಲಿ ತುಳು ಮಾತಾಡೋರಿಗೆ ಏನನ್ನಿಸಬೇಕು? ದೊಡ್ಡ ಬಳಗಕ್ಕೆ ಬಾ ಅಂತ ಕರೆಯೋದು ಸುಲಭ. ಬಂದವನು ತನ್ನ ಮುಖ ಹೊತ್ಕೊಂಡೇ ಬರೋಕೆ ಜಾಗ ಇರಬೇಕು.

ನಮ್ಮಲ್ಲಿ ಇದನ್ನ ಯೋಚಿಸಿದ ಮೇಷ್ಟ್ರುಗಳಿಲ್ಲವೇ? ಇದ್ದಾರೆ. ಕುವೆಂಪು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವರು, ಆಮೇಲೆ ಅದೇ ವಿಶ್ವವಿದ್ಯಾಲಯದ ಕುಲಪತಿ ಆದವರು. 2004ರಲ್ಲಿ ನಾಡಗೀತೆಯಾದ ಅವರ ಹಾಡಿನಲ್ಲಿ ಕರ್ನಾಟಕ ಭಾರತಮಾತೆಯ ಮಗಳು. ಮಗಳನ್ನ ಪ್ರೀತಿಸೋಕೆ ತಾಯಿಯನ್ನ ಬಿಡಬೇಕಾಗಿಲ್ಲ, ತಾಯಿಗಾಗಿ ಮಗಳ ಹೆಸರು ಅಳಿಸಬೇಕಾಗೂ ಇಲ್ಲ. ವಿಶ್ವಮಾನವ ಅನ್ನೋ ಮಾತನ್ನ ಮನೆಮನೆಗೆ ತಲುಪಿಸಿದವರೂ ಅವರೇ. ಅವರು ಹುಟ್ಟಿದ ಡಿಸೆಂಬರ್ 29ನ್ನ ನಾವು ವಿಶ್ವಮಾನವ ದಿನ ಅಂತ ಆಚರಿಸ್ತೀವಿ.

ಇದೆಲ್ಲ ತರಗತಿಯಲ್ಲಿ ಹೇಗೆ ಬರುತ್ತೆ ಗೊತ್ತಾ? ಒಂದು ಕ್ರಿಕೆಟ್ ಮ್ಯಾಚ್ ಆದ ಮಾರನೇ ದಿನ ಒಂಬತ್ತನೇ ಕ್ಲಾಸಿನ ಹುಡುಗ ಕೇಳ್ದ. “ಮಿಸ್, ಪಾಕಿಸ್ತಾನದ ಬೌಲರ್ ಚೆನ್ನಾಗಿ ಹಾಕಿದ ಅಂದ್ರೆ ತಪ್ಪಾ? ನಮ್ಮ ಗ್ರೂಪಲ್ಲಿ ಹಾಕಿದ್ದಕ್ಕೆ ಎಲ್ಲರೂ ಬೈದ್ರು.” ಕ್ಲಾಸ್ ಪೂರ್ತಿ ಸುಮ್ಮನಾಯ್ತು. ನಾನು ಏನು ಹೇಳ್ತೀನಿ ಅನ್ನೋದು ಸಂಜೆಯೊಳಗೆ ಪೋಷಕರ ವಾಟ್ಸಾಪ್‌ನಲ್ಲಿ ಇರುತ್ತೆ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಇವತ್ತಿನ ಮೇಷ್ಟ್ರ ಪರಿಸ್ಥಿತಿ ಇದು. ವಿಷಯ ಗೊತ್ತಿಲ್ಲದೆ ಸುಮ್ಮನಿರೋರಿಗಿಂತ, ಗೊತ್ತಿದ್ದೂ ಯಾಕಪ್ಪಾ ಬೇಕು ಅಂತ ಸುಮ್ಮನಿರೋರು ಜಾಸ್ತಿ.

ನಾನು ಸಂವಿಧಾನದ ಪುಟ ತೆಗೆಸಿದೆ. 51ಎ ವಿಧಿ, ಮೂಲಭೂತ ಕರ್ತವ್ಯಗಳು. ಮೊದಲನೇದು ಸಂವಿಧಾನವನ್ನ ಪಾಲಿಸೋದು, ರಾಷ್ಟ್ರಧ್ವಜ ಮತ್ತು ರಾಷ್ಟ್ರಗೀತೆಯನ್ನ ಗೌರವಿಸೋದು. ಅದೇ ಪಟ್ಟಿಯಲ್ಲಿ ಕೆಳಗೆ ಬನ್ನಿ: ವೈಜ್ಞಾನಿಕ ಮನೋಭಾವ, ಮಾನವೀಯತೆ, ಪ್ರಶ್ನೆ ಕೇಳೋ ಗುಣ ಬೆಳೆಸ್ಕೊಳ್ಳೋದು. ಎರಡೂ ಕರ್ತವ್ಯವೇ, ಒಂದೇ ವಿಧಿಯಲ್ಲಿ ಇವೆ. “ನೀನು ಭಾರತ ಗೆಲ್ಲಲಿ ಅಂತ ಕೂಗಿದ್ಯಾ?” ಅಂದೆ. “ಗಂಟಲು ಹೋಗೋ ಹಾಗೆ ಕೂಗಿದೀನಿ ಮಿಸ್” ಅಂದ. “ಚೆನ್ನಾಗಿ ಬೌಲ್ ಮಾಡಿದ್ದನ್ನ ಚೆನ್ನಾಗಿದೆ ಅಂದ್ಯಾ? ಹಾಗಾದ್ರೆ ಎರಡೂ ಕರ್ತವ್ಯ ಮಾಡಿದೀಯ, ಕೂತ್ಕೋ” ಅಂದೆ.

ಮೇಷ್ಟ್ರು ದೇಶ ಬಿಟ್ಟು ನಿಲ್ಲಬೇಕು ಅಂತ ನಾನು ಹೇಳ್ತಿಲ್ಲ. ನಿಂತ ನೆಲದ ಮೇಲೆ ಪ್ರೀತಿ ಇಲ್ಲದವರು ಪಕ್ಕದ ನೆಲದವರ ನೋವನ್ನ ಅರ್ಥ ಮಾಡ್ಕೊಳ್ಳೋದೂ ಕಷ್ಟ. ಆದ್ರೆ ಗೋಡೆ ಮೇಲಿನ ನಕ್ಷೆಯಲ್ಲಿ ಕಪ್ಪು ಕಲೆ ತೋರಿಸೋ ಕೋಲು ಹಿಡಿದಾಗ, ಎದುರಿಗೆ ಕೂತ ಮಗು ಹದಿನೈದಿಪ್ಪತ್ತು ವರ್ಷ ಆದ ಮೇಲೆ ಎಲ್ಲಿರುತ್ತೆ ಅಂತ ಒಂದು ಸಲ ಯೋಚಿಸಬೇಕು. ಬೆತಾನಿಯೆ ಬಿಡಿಸಿದ ಆ ಚಿತ್ರ ಈಗಿರೋದು ಪ್ಯಾರಿಸ್‌ನಲ್ಲಲ್ಲ, ಬರ್ಲಿನ್‌ನ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ. ಆ ಕಡೆಯವರಿಗೆ ಎಷ್ಟು ನೋವಾಗಿತ್ತು ಅಂತ ತೋರಿಸೋ ಚಿತ್ರ ಈಗ ಜರ್ಮನಿಯ ಹತ್ತಿರವೇ ಇದೆ.

ಈ ಸಂಚಿಕೆ ಕೇಳಿದ ಮೇಲೆ ಒಂದು ಕೆಲಸ ಮಾಡಿ. ನಿಮಗೆ ಊರಿನ ಬಗ್ಗೆಯೋ ದೇಶದ ಬಗ್ಗೆಯೋ ಹೆಮ್ಮೆ ಹುಟ್ಟಿಸಿದ, ಜೊತೆಗೆ ಅದನ್ನ ಪ್ರಶ್ನೆ ಮಾಡೋಕೂ ಬಿಟ್ಟ ಮೇಷ್ಟ್ರು ಯಾರಾದ್ರೂ ಇದ್ರೆ ಅವರಿಗೊಂದು ಫೋನ್ ಮಾಡಿ. ಇಂಥವರಿಗೆ ದೂರುಗಳು ಬರುತ್ತಿರುತ್ತವೆ, ಥ್ಯಾಂಕ್ಸ್ ಬರೋದು ಕಡಿಮೆ.